ಒಂದು ಬ್ಲೇಡಿನ ಆಯಸ್ಸು ಎಷ್ಟು?

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕತ್ತಿಗಳಿಗೆ ಬರವಿಲ್ಲ. ಯಾವ ದೊರೆ ಯಾವ ಕತ್ತಿ ಹಿಡಿದ, ಯಾವ ರಣರಂಗದಲ್ಲಿ ಎಷ್ಟು ತಲೆ ಉರುಳಿದವು ಅಂತ ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ ಪಾಸಾಗುತ್ತಾರೆ. ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪವಿರುವ ಒಂದು ಉಕ್ಕಿನ ತಗಡು ನೂರು ವರ್ಷಗಳಿಗೂ ಮಿಕ್ಕಿ ಕೋಟ್ಯಂತರ ಜನರ ಕೆನ್ನೆಯ ಮೇಲೆ ಓಡಾಡಿದೆ. ಅದರ ಚರಿತ್ರೆ ಕೇಳಿದರೆ ಮೇಷ್ಟ್ರುಗಳು ನಗುತ್ತಾರೆ. ಗಡ್ಡ ಹೆರೆಯೋದೂ ಒಂದು ಚರಿತ್ರೇನಾ ಅಂತ.

ನಗುವವರು ನಗಲಿ. ಯಾರ ಗಡ್ಡ ಯಾರು ಹೆರೆಯಬೇಕು, ಯಾರ ಕೆನ್ನೆಯನ್ನು ಯಾರು ಮುಟ್ಟಲೂಬಾರದು ಎಂದು ಕಟ್ಟಳೆ ಮಾಡಿಟ್ಟ ದೇಶ ನಮ್ಮದು. ಇಂಥ ದೇಶದಲ್ಲಿ ಒಂದು ಬ್ಲೇಡಿಗೆ ಎಷ್ಟು ಚೌರ ಎಂಬ ಲೆಕ್ಕವನ್ನು ಬರೀ ಜಿಪುಣರ ಲೆಕ್ಕ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ಗಡ್ಡದ ವಿಷಯ ಶಾಸನಕ್ಕೂ ಏರಿದೆ. ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಕೊಂಡೋಜ ಎಂಬ ಕ್ಷೌರಿಕ ಅಳಿಯ ರಾಮರಾಯನ ಗಡ್ಡವನ್ನು ಮೆಚ್ಚುವಂತೆ ಹೆರೆದ. ಅದರ ಫಲವಾಗಿ ಕ್ಷೌರಿಕರ ಮೇಲಿನ ತೆರಿಗೆ ಮಾಫಿಯಾಯಿತು. ಬಾದಾಮಿಯ ಕಲ್ಲಿನಲ್ಲಿ ಇದು ದಾಖಲಾಗಿದೆ. ಒಬ್ಬ ಶ್ರಮಜೀವಿಯ ಕೈಚಳಕಕ್ಕೆ ಕಲ್ಲಿನಲ್ಲಿ ಜಾಗ ಸಿಕ್ಕ ಅಪರೂಪದ ಪ್ರಸಂಗ ಇದು, ಸಂತೋಷ. ಆದರೆ ಆ ಗಡ್ಡ ಅಳಿಯ ರಾಮರಾಯನದು. ಕೇರಿಯವನ ಗಡ್ಡಕ್ಕೆ ಯಾವ ಕಲ್ಲಿನಲ್ಲಿ ಜಾಗ?

ಹಳ್ಳಿಯ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ವರ್ಷವಿಡೀ ಊರವರ ತಲೆ, ಗಡ್ಡ ನೋಡಿಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುತ್ತಿದ್ದ. ಹಡಪದಲ್ಲಿ ಕತ್ತಿ, ಕತ್ತರಿ, ಸಾಣೆಕಲ್ಲು, ನೀರಿನ ಬಟ್ಟಲು, ಕತ್ತಿ ಮಸೆಯುವ ತೊಗಲ ಪಟ್ಟೆ. ಆ ಪಟ್ಟೆಯ ಮೇಲೆ ಸ್ವಲ್ಪ ನಿಲ್ಲೋಣ. ಸತ್ತ ದನವನ್ನು ಎಳೆದು, ಸುಲಿದು, ಸುಣ್ಣ-ತಂಗಡಿ ಚಕ್ಕೆಯಲ್ಲಿ ನೆನೆಹಾಕಿ, ನಾತ ಕುಡಿದು ತೊಗಲು ಹದ ಮಾಡಿದವರು ಯಾರು? ನಮ್ಮ ಜನ. ನಮ್ಮ ಕೈಯ ತೊಗಲ ಮೇಲೆ ಹರಿತವಾದ ಕತ್ತಿ ನಮ್ಮ ಕೆನ್ನೆಗೆ ಬಂದರೆ ಮಾತ್ರ ಮೈಲಿಗೆ! ಜಾತಿವ್ಯವಸ್ಥೆಯ ತರ್ಕವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಾಮಾನು ನಮಗೆ ಬೇರೆ ಕಂಡಿಲ್ಲ.

ಇದರಲ್ಲಿ ಕ್ಷೌರಿಕನೊಬ್ಬನನ್ನೇ ಬೈದು ಸುಮ್ಮನಾಗುವುದು ಸುಲಭ. ಬೆಳಗ್ಗೆ ಎದ್ದು ಅವನ ಮುಖ ನೋಡಿದರೆ ಅಪಶಕುನ ಎಂದ ಊರೇ ಅವನ ಕೈಯಿಂದ ಕೆನ್ನೆ ನುಣ್ಣಗೆ ಮಾಡಿಸಿಕೊಂಡಿತು. ಕೇರಿಗೆ ಹೋದರೆ ಆಯ ನಿಲ್ಲಿಸುತ್ತೇವೆ ಎಂದು ಹೆದರಿಸಿತು. ಏಣಿಯ ಕೆಳಮೆಟ್ಟಿಲಲ್ಲಿ ನಿಂತವನ ಕೈಯಿಂದಲೇ ಅದಕ್ಕೂ ಕೆಳಗಿನವನನ್ನು ತಳ್ಳಿಸುವುದು ಈ ಏಣಿ ಕಟ್ಟಿದವರ ಜಾಣತನ.

ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ ಬರೆದ ಟಿಪ್ಪಣಿಗಳಲ್ಲಿ ಈ ಮಾತು ಇದೆ. ಸತಾರದಲ್ಲಿ ಕ್ಷೌರಿಕರು ಬೇಕಾದಷ್ಟು ಜನ ಇದ್ದರು. ಅವರಿಗೆ ಕೊಡಲು ಮನೆಯಲ್ಲಿ ದುಡ್ಡೂ ಇತ್ತು. ಆದರೂ ತಮ್ಮಂದಿರ ತಲೆಗೂದಲು ತೆಗೆಯುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಮನೆಯ ಹೊರಗಿನ ಜಗಲಿಯ ಮೇಲೆ ಕೂರಿಸಿಕೊಂಡು ಆಕೆ ಆ ಕೆಲಸ ಮಾಡುತ್ತಿದ್ದಳು. ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರ ಮನೆಯ ಗತಿ ಇದು. ಇನ್ನು ಜೀತದವರ ಮನೆಯ ಗತಿ ಏನು ಅಂತ ಓದುಗರು ಊಹಿಸಿಕೊಳ್ಳಬಹುದು. ಕೇರಿಯೊಳಗೇ ಒಬ್ಬರು ಕತ್ತಿ ಹಿಡಿಯುವುದನ್ನು ಕಲಿಯುತ್ತಿದ್ದರು. ಆ ಕತ್ತಿಗೆ ಸಾಣೆ ಸರಿಯಿರುತ್ತಿರಲಿಲ್ಲ, ಕೈಗೆ ಪಳಗು ಇರುತ್ತಿರಲಿಲ್ಲ. ಕೆನ್ನೆ ಗಾಯವಾದರೆ ಬೂದಿ ಒತ್ತಿಕೊಂಡು ಮೇಲೇಳುವುದು.

ಇಂಥ ಕಡೆಗೆ ಬ್ಲೇಡು ಬಂತು. ಅದು ಬಂದದ್ದು ಅಮೆರಿಕದಿಂದ.

ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಮನುಷ್ಯನ ಕತೆ ವಿಚಿತ್ರ. ಈತ ಊರೂರು ತಿರುಗುವ ಮಾರಾಟಗಾರ. ಮಾರುತ್ತಿದ್ದದ್ದು ಸೋಡಾ ಬಾಟಲಿಯ ತಗಡಿನ ಮುಚ್ಚಳ. ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಈತನಿಗೆ ಕೊಟ್ಟ ಬುದ್ಧಿವಾದ ಇಷ್ಟು: ಒಮ್ಮೆ ಬಳಸಿ ಬಿಸಾಡುವಂಥದ್ದನ್ನು ಕಂಡುಹಿಡಿ, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ. ತಮಾಷೆಯೆಂದರೆ ಇದೇ ಜಿಲೆಟ್ 1894ರಲ್ಲಿ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ವ್ಯಾಪಾರದ ಪೈಪೋಟಿಯೇ ಎಲ್ಲ ಕೇಡಿನ ಬೇರು, ಜನರೆಲ್ಲ ಪಾಲುದಾರರಾದ ಒಂದೇ ಸಂಸ್ಥೆ ಎಲ್ಲವನ್ನೂ ತಯಾರಿಸಬೇಕು ಎಂಬುದು ಅದರ ವಾದ. ಸಮಾನತೆಯ ಕನಸು ಕಂಡ ಕೈಯೇ ‘ಬಿಸಾಡಿ, ಮತ್ತೆ ಕೊಳ್ಳಿ’ ಎಂಬ ಬಂಡವಾಳಶಾಹಿ ಮಂತ್ರಕ್ಕೆ ಅತ್ಯುತ್ತಮ ಯಂತ್ರ ಮಾಡಿಕೊಟ್ಟಿತು. ಇದರ ಬಗ್ಗೆ ನಮ್ಮ ಸಮಾಜವಾದಿ ಗೆಳೆಯರು ಒಂದು ವಿಚಾರಸಂಕಿರಣವನ್ನೇ ಇಟ್ಟುಕೊಳ್ಳಬಹುದು.

ತೆಳು ತಗಡಿಗೆ ಹದ ಕೊಟ್ಟು ಹರಿತ ಮಾಡುವುದು ಆಗದ ಮಾತು ಎಂದು ಉಕ್ಕು ಬಲ್ಲವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಅದನ್ನು ಆಗಿಸಿದ. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟು ಸಿಕ್ಕಿತು. ಆ ಒಂದೇ ವರ್ಷ ರೇಜರುಗಳ ಲೆಕ್ಕ ತೊಂಬತ್ತು ಸಾವಿರ ದಾಟಿತು. ಸಾಣೆ ಬೇಡ, ಮಸೆಯೋದು ಬೇಡ ಎಂಬುದೇ ಜಾಹೀರಾತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರು, ಮೂರು ಕೋಟಿಗೂ ಮಿಕ್ಕಿ ಬ್ಲೇಡು ತೆಗೆದುಕೊಂಡಿತು. ಗಡ್ಡವಿದ್ದರೆ ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಮನುಷ್ಯ ಮನುಷ್ಯನನ್ನು ಹೊಗೆ ಹಾಕಿ ಕೊಲ್ಲಲು ಕಲಿತದ್ದು ಬ್ಲೇಡಿನ ಕಂಪನಿಗೆ ಲಾಭವಾಯಿತು.

ಮಸೆಯಬೇಡಿ, ಬಿಸಾಡಿ ಎಂದು ಕಂಪನಿ ಹೇಳಿತು. ಜನ ಕೇಳಿದರೇ? ಬಡವರು ಎಲ್ಲಿಯೂ ಕೇಳಲಿಲ್ಲ. ಹಳೆಯ ಬ್ಲೇಡನ್ನು ಮತ್ತೆ ಮಸೆಯುವ ಪುಟ್ಟ ಯಂತ್ರಗಳು ಯುರೋಪು ಅಮೆರಿಕಗಳಲ್ಲೇ ಹುಟ್ಟಿಕೊಂಡವು. ಎರಡನೇ ಮಹಾಯುದ್ಧದಲ್ಲಿ ಉಕ್ಕಿಗೆ ಬರ ಬಂದಾಗ ಇಂಗ್ಲೆಂಡಿನ ಗಂಡಸರು ಗಾಜಿನ ಲೋಟದೊಳಗೆ ಬ್ಲೇಡು ಇಟ್ಟು, ಬೆರಳಲ್ಲಿ ಒತ್ತಿ, ಲೋಟದ ಒಳಗೋಡೆಗೆ ಆ ಕಡೆ ಈ ಕಡೆ ಉಜ್ಜಿ ಹರಿತ ಮಾಡಿಕೊಂಡರು. ನಮ್ಮನ್ನು ಆಳುತ್ತಿದ್ದ ದೊರೆಗಳ ಜಾತಿಯೂ ಒಂದು ಬ್ಲೇಡಿಗಾಗಿ ಲೋಟ ಉಜ್ಜಿತು ಎಂದು ಓದಿದಾಗ ನಮಗೆ ಸ್ವಲ್ಪ ಖುಷಿಯೇ ಆಯಿತು, ಮುಚ್ಚಿಡುವುದೇಕೆ.

ಕೇರಿಗೆ ರೇಜರು ಕಾಲಿಟ್ಟದ್ದು ಹೊರಗೆ ಹೋಗಿ ಬಂದವರ ಜೇಬಿನಲ್ಲಿ. ಪಟ್ಟಣದಲ್ಲಿ ಕೂಲಿ ಮಾಡಿದವರು, ಪಟಾಲಮ್ಮಿನಲ್ಲಿದ್ದವರು, ಹಾಸ್ಟೆಲಿನಲ್ಲಿ ಓದಿದವರು. ನಮ್ಮ ತಾತ ಕೊಡಗಿನ ಕಾಫಿತೋಟಕ್ಕೆ ಹೋಗಿ ಬರುವಾಗ ಒಂದು ಹಿತ್ತಾಳೆ ಸೆಟ್ಟು ತಂದಿದ್ದರು. ಅದಕ್ಕೆ ಮುಂಚೆ ಅವರ ಗಡ್ಡ ಕೇರಿಯ ಇನ್ನೊಬ್ಬರ ಮೊಂಡು ಕತ್ತಿಯ ದಯೆಯಲ್ಲಿತ್ತು. ಸೆಟ್ಟು ಬಂದ ಮೇಲೆ ಯಾರ ದಯೆಯೂ ಬೇಕಾಗಲಿಲ್ಲ, ಬ್ಲೇಡಿನ ದುಡ್ಡೊಂದು ಬಿಟ್ಟರೆ. ಆ ದುಡ್ಡೇ ಕಷ್ಟ. ಹೀಗಾಗಿ ಯುಗಾದಿಗೆ ಹಾಕಿದ ಬ್ಲೇಡು ಗೌರಿಹಬ್ಬದವರೆಗೆ ಬರಬೇಕು ಎಂಬುದು ಅವರ ಪಂಥ. ವಾರಕ್ಕೊಂದು ಚೌರ, ಸಂತೆಯ ಹಿಂದಿನ ಸಂಜೆ. ಲೆಕ್ಕ ಹಾಕಿದರೆ ಒಂದು ಬ್ಲೇಡಿಗೆ ಇಪ್ಪತ್ತು, ಇಪ್ಪತ್ತೆರಡು.

ಹೇಗೆ ಬರುತ್ತಿತ್ತು? ನಾವು ಕೇಳಿ ತಿಳಿದದ್ದನ್ನು ಹೇಳುತ್ತೇವೆ, ಇದೂ ಒಂದು ವಿದ್ಯೆ. ಗಡ್ಡ ಮಾಡಿಕೊಳ್ಳುತ್ತಿದ್ದದ್ದು ಮೈತೊಳೆದ ಮೇಲೆ. ಬಿಸಿನೀರಲ್ಲಿ ಅದ್ದಿದ ಚೌಕವನ್ನು ಕೆನ್ನೆಗೆ ಸುತ್ತಿಕೊಂಡು ಒಂದು ಬೀಡಿ ಸೇದುವಷ್ಟು ಹೊತ್ತು ಕೂರುತ್ತಿದ್ದರು. “ನೆನೀದೆ ಇರೋ ಗಡ್ಡಕ್ಕೆ ಬ್ಲೇಡು ತಾಗಿಸ್ಬ್ಯಾಡ ಕಣ್ಲಾ ಮಗ, ಒಣಜಾಲಿ ಕಡ್ದಂಗಾಯ್ತದೆ” ಎನ್ನುತ್ತಿದ್ದರು. ಆಮೇಲೆ ಮೈಸೋಪೋ ಬಟ್ಟೆಸೋಪೋ ಇದ್ದದ್ದನ್ನು ನೊರೆ ಮಾಡಿ ಹಚ್ಚುವುದು. ರೇಜರನ್ನು ಒತ್ತುವಂತಿಲ್ಲ, ಅದರ ಭಾರದಲ್ಲೇ ಜಾರಬೇಕು. ಬ್ಲೇಡಿಗೆ ಎರಡು ಬಾಯಿ. ಮಗುಚಿ ಹಾಕಿದರೆ ಅವೇ ಎರಡು ಬಾಯಿ ಇನ್ನೊಂದು ಮಗ್ಗುಲಲ್ಲಿ ಕೆನ್ನೆಗೆ ತಾಗುತ್ತವೆ. ಕೆಲವು ಬ್ಲೇಡುಗಳ ಮೂಲೆಗಳಲ್ಲಿ 1, 2, 3, 4 ಅಂತ ಅಂಕಿ ಇರುತ್ತದೆ. ತಾತನಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ನಾಲ್ಕು ಅಂಕಿ ಗೊತ್ತಿತ್ತು, ಈ ವಾರ ಒಂದು, ಮುಂದಿನ ವಾರ ಎರಡು ಎಂದು ಸರದಿ ತಪ್ಪುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ಷರ ಬರುವ ಮುಂಚೆ ಅಂಕಿ ಬಂದದ್ದು ಬ್ಲೇಡಿನ ಮೇಲೆ ಕೂತು.

ಚೌರ ಮುಗಿದ ಮೇಲೆ ಇನ್ನೂ ಕೆಲಸ ಇರುತ್ತಿತ್ತು. ಸೆಟ್ಟು ಬಿಚ್ಚಿ, ಬ್ಲೇಡು ತೊಳೆದು, ನೀರು ಒದರಿ, ಬಿಸಿಲಿಗೆ ಹಿಡಿದು, ಒಂದು ಹನಿ ಹರಳೆಣ್ಣೆ ಸವರಿ, ಅದರದೇ ಮೇಣದ ಕಾಗದದಲ್ಲಿ ಮಡಿಚಿ, ಬೀಡಿ ಕಟ್ಟಿನ ಜೊತೆ ಗೂಡಿನಲ್ಲಿಡುವುದು. ಮುಂದಿನ ವಾರ ತೆಗೆದು ಅಂಗೈ ಮೇಲೆ ಹಿಮ್ಮುಖವಾಗಿ ಹತ್ತು ಸಲ ಎಳೆಯುವುದು. ಅಂಗೈ ಅಂದರೆ ನೇಗಿಲು, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಅಂಗೈ, ತೊಗಲ ಪಟ್ಟೆಗೆ ಕಡಿಮೆಯಿಲ್ಲ.

ಇದೆಲ್ಲ ಹಳ್ಳಿಗರ ಗೊಡ್ಡು ನಂಬಿಕೆಯೋ, ನಿಜವೋ? ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಇದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿ. ಹಾಗಿದ್ದೂ ಕೂದಲು ಉಕ್ಕನ್ನು ಸೋಲಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಬ್ಲೇಡು ಬರೀ ಸವೆದು ಮೊಂಡಾಗುವುದಿಲ್ಲ, ಚಕ್ಕೆ ಏಳುತ್ತದೆ ಎಂದು ಅವರು ಕಂಡರು. ಕೂದಲಿನ ಬುಡ ಚರ್ಮದಲ್ಲಿ ನೆಟ್ಟಿರುತ್ತದೆ. ಅದು ಬಾಗಿ ಅಂಚಿಗೆ ಓರೆಯಾಗಿ ಒತ್ತುತ್ತದೆ. ಆಗ ಉಕ್ಕಿನಲ್ಲಿ ಗಟ್ಟಿ ಜಾಗವೂ ಮೆದು ಜಾಗವೂ ಕೂಡುವಲ್ಲಿ ಅಂಚಿನ ಚೂರು ಕಿತ್ತುಬರುತ್ತದೆ. ತಲೆಯೆತ್ತಿ ನಿಂತ ಒಂದು ಕೂದಲು ಉಕ್ಕನ್ನು ಮುರಿಯುತ್ತದೆ ಎಂಬ ಈ ಮಾತು ಕವಿಗಳಿಗೆ ಬಹಳ ಹಿಡಿಸುತ್ತದೆ. ಅದನ್ನು ಕವಿತೆಗೇ ಬಿಡೋಣ. ನಮಗೆ ಬೇಕಾದದ್ದು ಇದು: ನೆನೆದ ಕೂದಲು ಮೆತ್ತಗಾಗುತ್ತದೆ, ಕಡಿಯಲು ಕಡಿಮೆ ಬಲ ಸಾಕು. ತಾತನ ಜಾಲಿಯ ಮಾತು ಸರಿ. ನೀರಿನಿಂದ ಬರುವ ತುಕ್ಕು ಅಂಚನ್ನು ತಿನ್ನುತ್ತದೆ, ಹರಳೆಣ್ಣೆಯೂ ಸರಿ. ಅಂಗೈ, ಗಾಜಿನ ಲೋಟಗಳು ಬಾಗಿದ ಅಂಚನ್ನು ಅಷ್ಟಿಷ್ಟು ನೇರ ಮಾಡಬಲ್ಲವು. ಮುರಿದು ಹೋದ ಚೂರನ್ನು ಯಾವ ಅಂಗೈಯೂ ವಾಪಸು ತರಲಾರದು. ಆದ್ದರಿಂದ ಒಂದು ಬ್ಲೇಡು ಕೊನೆಯಿಲ್ಲದೆ ಬರುತ್ತದೆ ಎಂದು ಬಡಾಯಿ ಕೊಚ್ಚುವವರನ್ನು ನಂಬಬೇಡಿ.

ನೆನೆಸಬೇಕು ಅಂದೆವು. ನೆನೆಸಲು ನೀರು ಬೇಕು. ಕಂಪನಿಯವರಿಗೆ ಇದು ಬಹಳ ತಡವಾಗಿ ಗೊತ್ತಾಯಿತು. ಈ ಶತಮಾನದ ಆರಂಭದಲ್ಲಿ ಜಿಲೆಟ್ ಭಾರತಕ್ಕೆಂದು ಒಂದು ರೇಜರು ಮಾಡಿ, ಅಮೆರಿಕದಲ್ಲೇ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷೆ ಮಾಡಿಸಿತು. ಬಹಳ ಚೆನ್ನಾಗಿದೆ ಎಂದರು. ಇಲ್ಲಿ ತಂದರೆ ಕೂದಲು ಸಿಕ್ಕಿಕೊಂಡು ಕಟ್ಟಿಹೋಯಿತು. ಅಲ್ಲಿನ ಹುಡುಗರು ನಲ್ಲಿಯ ಕೆಳಗೆ ರೇಜರು ಹಿಡಿಯುತ್ತಿದ್ದರು. ಇಲ್ಲಿಯವರು ನೆಲದ ಮೇಲೆ ಕೂತು ಒಂದು ಲೋಟ ನೀರಿನಲ್ಲಿ ಪೂರಾ ಚೌರ ಮುಗಿಸುತ್ತಿದ್ದರು. ಆಮೇಲೆ ಹಳ್ಳಿ ಮನೆಗಳಿಗೆ ಬಂದು ಕೂತು ನೋಡಿ, 2010ರಲ್ಲಿ 15 ರೂಪಾಯಿಯ, ಒಂದೇ ಬ್ಲೇಡಿನ ಗಾರ್ಡ್ ರೇಜರು ಬಿಟ್ಟರು. ಆ ಒಂದು ಲೋಟದ ಹಿಂದೆ ಇನ್ನೂ ಒಂದು ಕತೆ ಇದೆ. ಯಾವ ಬಾವಿ, ಯಾರ ಕೊಡ, ಯಾರು ಮೇಲಿಂದ ಸುರಿದದ್ದು. 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮವರ ತಲೆ ಒಡೆದ ದೇಶ ಇದು. ಬ್ಲೇಡಿನ ಆಯಸ್ಸು ನೀರಿನ ಮೇಲೆ ನಿಂತಿದ್ದರೆ, ಕೇರಿಯಲ್ಲಿ ಬ್ಲೇಡು ಬೇಗ ಮೊಂಡಾಗುವುದಕ್ಕೂ ಜಾತಿಯೇ ಕಾರಣ ಎಂದು ನಾವು ಬರೆದರೆ ಅತಿಯಾಯಿತು ಎನ್ನುವವರು ಒಂದು ಲೋಟ ತಣ್ಣೀರಿನಲ್ಲಿ ಗಡ್ಡ ಮಾಡಿಕೊಂಡು ನೋಡಲಿ.

ಗಡ್ಡಕ್ಕೆ ಬಾರದ ಬ್ಲೇಡನ್ನೂ ಯಾರೂ ಎಸೆಯುತ್ತಿರಲಿಲ್ಲ. ಉಗುರಿಗೆ, ದಾರಕ್ಕೆ, ಹೊಲಿಗೆ ಬಿಚ್ಚಲಿಕ್ಕೆ. ಅರ್ಧ ಮುರಿದು ಮಕ್ಕಳ ಕೈಗೆ, ಪೆನ್ಸಿಲು ಹೆರೆಯಲು. ಇಲ್ಲಿಯವರೆಗೆ ಸರಿ. ಆದರೆ ಅದೇ ಹಳೆಯ ಬ್ಲೇಡು ಸೂಲಗಿತ್ತಿಯ ಕೈಗೂ ಹೋಗುತ್ತಿತ್ತು, ಹೊಕ್ಕುಳಬಳ್ಳಿ ಕೊಯ್ಯಲು. ಕುಡುಗೋಲೋ, ತುಕ್ಕು ಹಿಡಿದ ಬ್ಲೇಡೋ, ಕೈಗೆ ಸಿಕ್ಕಿದ್ದು. ಕೂಸು ಮೂರು ದಿನ ಹಾಲು ಕುಡಿದು, ಆಮೇಲೆ ದವಡೆ ಕಚ್ಚಿಕೊಂಡು, ಬಿಲ್ಲಿನ ಹಾಗೆ ಸೆಟೆದು ಸಾಯುತ್ತಿತ್ತು. ಗಾಳಿ ಮೆಟ್ಟಿತು ಅಂದರು, ದೇವರು ಮುನಿದ ಅಂದರು. ಅದು ಧನುರ್ವಾಯು. ಸೂಲಗಿತ್ತಿಯರಿಗೆ ಕೊಟ್ಟ ತರಬೇತಿಯಲ್ಲಿ, ಹೆರಿಗೆಯ ಪೊಟ್ಟಣದಲ್ಲಿ, ಹೊಸ ಬ್ಲೇಡು ಒಂದು ಮುಖ್ಯ ಸಾಮಾನಾದದ್ದು ಇದಕ್ಕೇ. ಲಸಿಕೆ, ಶುಚಿ, ಆಸ್ಪತ್ರೆ ಹೆರಿಗೆ ಎಲ್ಲ ಸೇರಿ, ತಾಯಿ ಮಗುವಿನ ಧನುರ್ವಾಯು ದೇಶದಲ್ಲಿ ನಿರ್ಮೂಲನ ಮಟ್ಟಕ್ಕೆ ಇಳಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಉಳಿತಾಯದ ಬಗ್ಗೆ ಹೆಮ್ಮೆಯಿಂದ ಬರೆಯುವ ನಾವು ಈ ಕೂಸುಗಳ ಲೆಕ್ಕವನ್ನೂ ಬರೆಯಬೇಕು. ಹಾಗೆಯೇ ಒಂದು ಸೆಟ್ಟು ಇಡೀ ಬೀದಿಗೆ ಓಡಾಡುತ್ತಿದ್ದದ್ದನ್ನೂ. ರಕ್ತದಿಂದ ಹರಡುವ ಕಾಮಾಲೆ ಅದರ ಜೊತೆಗೇ ಓಡಾಡುತ್ತದೆ. 1986ರಲ್ಲಿ ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಮೇಲೆ ಹುಟ್ಟಿದ ಹೆದರಿಕೆಯಲ್ಲಿ ಸಲೂನುಗಳೂ ಸಾಣೆಕತ್ತಿ ಬಿಟ್ಟು, ಗಿರಾಕಿಗೊಂದು ಅರ್ಧ ಬ್ಲೇಡು ಮುರಿದು ಹಾಕುವ ಪದ್ಧತಿಗೆ ಬಂದವು. ನಮ್ಮ ಬ್ಲೇಡು ಎಷ್ಟು ಸಲ ಬೇಕಾದರೂ ಬರಲಿ, ಒಂದೇ ಕೆನ್ನೆಗೆ ಬರಲಿ.

ಬ್ಲೇಡಿನ ಆಯಸ್ಸು ಬೆಳೆದರೆ ಕಂಪನಿಗೆ ನಷ್ಟ. ಇದು ಊಹೆಯ ಮಾತಲ್ಲ. ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಬ್ರಿಟಿಷ್ ಸೈನ್ಯಕ್ಕೆ ಕತ್ತಿ ಮಾಡಿಕೊಡುತ್ತಿದ್ದ ಕಾರ್ಖಾನೆ. 1960ರ ದಶಕದ ಆರಂಭದಲ್ಲಿ ಅದು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡು ಬಿಟ್ಟಿತು. ಹಳೆಯ ಬ್ಲೇಡು ಕೆಲವೇ ಚೌರಕ್ಕೆ ಸೋತರೆ ಇದು ಅದಕ್ಕಿಂತ ಬಹಳ ದಿನ ಬಾಳಿತು. ಜನ ಮುಗಿಬಿದ್ದರು. ಅಷ್ಟು ದೊಡ್ಡ ಜಿಲೆಟ್ ಕಂಪನಿ ಹಿಂದೆ ಬಿದ್ದು, 1963ರಲ್ಲಿ ತಾನೂ ಸ್ಟೇನ್‌ಲೆಸ್ ತರಬೇಕಾಯಿತು. ವಿಲ್ಕಿನ್ಸನ್ನಿನ ಕತ್ತಿಯ ಕಾರ್ಖಾನೆ 2005ರಲ್ಲಿ ಮುಚ್ಚಿತು, ಬ್ಲೇಡಿನ ಮೇಲೆ ಹೆಸರು ಉಳಿಯಿತು. ಇತ್ತ ನಮ್ಮ ದೇಶದಲ್ಲಿ ಪನಾಮಾ, ಭಾರತ್, ಟೋಪಾಜ್ ಬ್ಲೇಡುಗಳು ಹಳ್ಳಿಯ ಪೆಟ್ಟಿಗೆ ಅಂಗಡಿಗೂ ಬಂದು, ಬಿಡಿಬಿಡಿಯಾಗಿ ಮಾರಾಟವಾದವು. ಬ್ಲೇಡು ಅಗ್ಗವಾಗಿ ಎಲ್ಲರ ಕೈಗೆ ಸಿಕ್ಕ ಮೇಲೆ ಕಂಪನಿಗಳು ಎರಡು ಬ್ಲೇಡು, ಮೂರು ಬ್ಲೇಡು, ಐದು ಬ್ಲೇಡಿನ ತಲೆಗಳನ್ನು ಮಾಡಿದವು. ಅವನ್ನು ಮಗುಚಲಾಗದು, ಬಿಚ್ಚಿ ಒರೆಸಲಾಗದು, ಲೋಟಕ್ಕೆ ಉಜ್ಜಲಾಗದು. ಬಳಸುವವನ ಕೈಯ ವಿದ್ಯೆಗೆ ಅಲ್ಲಿ ಜಾಗವೇ ಇಲ್ಲ. ಎರಡು ಬಾಯಿಯ ಹಳೆಯ ಬ್ಲೇಡು ಇವತ್ತಿಗೂ ಒಂದು ಚಹಾಕ್ಕಿಂತ ಅಗ್ಗ.

ಕೊನೆಗೆ ಕಾನೂನಿನ ಮಾತು. 1948ರ ನವೆಂಬರ್ 29ರಂದು ಸಂವಿಧಾನ ರಚನಾ ಸಭೆ ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಯನ್ನು ಒಪ್ಪಿತು. ಅದೇ ದಿನ, ಅಂಗಡಿಗಳಿಗೆ ಎಲ್ಲರಿಗೂ ಪ್ರವೇಶ ಎಂಬ ವಿಧಿಯ ಚರ್ಚೆಯಲ್ಲಿ, ಅಂಗಡಿ ಎಂದರೆ ಲಾಂಡ್ರಿ, ಕ್ಷೌರದ ಸಲೂನುಗಳೂ ಸೇರುತ್ತವೆಯೋ ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರರು ಎದ್ದು, ಆ ಪದವನ್ನು ವಿಶಾಲ ಅರ್ಥದಲ್ಲಿ ಬಳಸಿದೆ, ಒಳಗೆ ಕಾಲಿಡುವ ಹಕ್ಕಷ್ಟೇ ಅಲ್ಲ, ಸೇವೆ ಪಡೆಯುವ ಹಕ್ಕೂ ಅದರಲ್ಲಿದೆ ಎಂದು ವಿವರಿಸಿದರು. ಜಗಲಿಯ ಮೇಲೆ ಅಕ್ಕನ ಮುಂದೆ ತಲೆ ಬಗ್ಗಿಸಿ ಕೂತಿದ್ದ ಹುಡುಗ ಕೊಟ್ಟ ಉತ್ತರ ಅದು. 1955ರ ಕಾಯಿದೆಯ ಆರನೆಯ ಕಲಮು, ಬೇರೆಯವರಿಗೆ ಯಾವ ಜಾಗದಲ್ಲಿ ಯಾವ ಷರತ್ತಿನಲ್ಲಿ ಸೇವೆ ಕೊಡುತ್ತಾರೋ ಅದೇ ಜಾಗದಲ್ಲಿ ಅದೇ ಷರತ್ತಿನಲ್ಲಿ ನಮಗೆ ಕೊಡದಿರುವುದನ್ನು ಅಪರಾಧ ಎಂದಿತು. 1976ರಲ್ಲಿ ಅದರ ಹೆಸರು ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಎಂದಾಯಿತು. ಮೇಷ್ಟ್ರುಗಳು ಈ ಕಲಮನ್ನು ಮಕ್ಕಳ ಕೈಲಿ ಬರೆಸಿ ಗೋಡೆಗೆ ಅಂಟಿಸಬಹುದು.

ಕಾಯಿದೆ ಬಂದು ಅರವತ್ತೈದು ವರ್ಷವಾದ ಮೇಲೆ, 2020ರ ನವೆಂಬರಿನಲ್ಲಿ, ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ ಅಂಗಡಿಯವರಿಗೆ ಐವತ್ತು ಸಾವಿರ ದಂಡ, ಬಹಿಷ್ಕಾರ ಹಾಕಿದರೆಂಬ ದೂರು ಪತ್ರಿಕೆಗಳಲ್ಲಿ ಬಂತು. ಕೊಂಡೋಜನಿಗೆ ತೆರಿಗೆ ಮಾಫಿ, ಇವರಿಗೆ ದಂಡ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತ.

ನಮ್ಮ ಕೇರಿಯ ಹುಡುಗರು ಈಗ ಹೋಬಳಿಯ ಸಲೂನಿಗೆ ಹೋಗುತ್ತಾರೆ. ಅಲ್ಲಿ ಕನ್ನಡಿ, ಫ್ಯಾನು, ತಿರುಗುವ ಕುರ್ಚಿ ಎಲ್ಲ ಇದೆ. ಹೊಸ ಬ್ಲೇಡಿನ ಕಾಗದ ಬಿಚ್ಚುತ್ತಾ ಕೇಳುತ್ತಾರೆ, “ಯಾವೂರು?” ಹೇಳಿದರೆ, ಬ್ಲೇಡು ಮುರಿಯುವ ಮುಂಚೆ ಇನ್ನೊಂದು ಪ್ರಶ್ನೆ: “ಊರಲ್ಲಿ ಯಾವ ಬೀದಿ?”